ಮೀನು ಇರೋದು ಕಾಲಬುಡದಲ್ಲೇ

(ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ಕಡೆಯ ಕನ್ನಡಿಗರು ಸೇರಿದ್ದ ಒಂದು ಭಾನುವಾರದ ಕೂಟದಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಧ್ಯೆ ಬಂದ ಪ್ರಶ್ನೆಗಳನ್ನು ಮಾತ್ರ ಬಂದ ಜಾಗದಲ್ಲೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕಾರ್ಯಕ್ರಮದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ 'ಪರ್ವತ ಸರೋವರಗಳಲ್ಲಿ ಮತ್ಸ್ಯಬೇಟೆ' ಅಂತ ಹಾಕಿದ್ದಾರೆ. ಅಷ್ಟು ದೊಡ್ಡ ಮಾತು ಬೇಡ. ಬೆಟ್ಟದ ಮೇಲಿನ ನೀರಿನ ದಡದಲ್ಲಿ ಕೂತು ಗಾಳ ಹಾಕೋದು, ಅಷ್ಟೇ. ಊಟಕ್ಕೆ ಅರ್ಧ ಗಂಟೆ ಮುಂಚೆ ಈ ವಿಷಯ ಇಟ್ಟಿದ್ದಾರಾದ್ದರಿಂದ ಮುಂದಿನ ಸಾಲಿನಲ್ಲಿರುವ ಸಸ್ಯಾಹಾರಿಗಳ ಕ್ಷಮೆಯನ್ನು ಈಗಲೇ ಕೇಳಿಬಿಡುತ್ತೇನೆ.

ನಮ್ಮೂರು ತೀರ್ಥಹಳ್ಳಿ ಕಡೆ. ಮಳೆ ಹಿಡಿದ ಮೊದಲ ವಾರ ಹೊಳೆಯಿಂದ ಗದ್ದೆಗೆ ಹತ್ತಿ ಬರುವ ಮೀನಿಗೆ, ಅಂದರೆ ಹತ್ತುಮೀನಿಗೆ, ಕೂಣಿ ಅನ್ನುವ ಬಿದಿರ ಬುಟ್ಟಿ ಒಡ್ಡೋದು, ಬೇಸಿಗೆಯಲ್ಲಿ ತುಂಗೆಯ ಗುಂಡಿಗಳಲ್ಲಿ ಎರೆಹುಳ ಸಿಕ್ಕಿಸಿ ಕಾಯೋದು, ಇದಿಷ್ಟೇ ನಾನು ಕಲಿತ ವಿದ್ಯೆ. ಬಿದಿರ ಕೋಲು, ತಂಗೂಸಿ ದಾರ, ನವಿಲುಗರಿಯ ದಂಟಿನ ಬೆಂಡು. ಆ ವಿದ್ಯೆಯ ಜೊತೆ ಒಂದು ನಂಬಿಕೆಯೂ ಅಂಟಿಕೊಂಡು ಬಂದಿತ್ತು: ದೊಡ್ಡ ಮೀನು ನಡುನೀರಲ್ಲಿ, ಆಳದಲ್ಲಿ ಇರುತ್ತದೆ. ದಡದಲ್ಲಿ ಆಡೋದೆಲ್ಲ ಪುಡಿಮೀನು. ಈ ನಂಬಿಕೆಯ ದೆಸೆಯಿಂದ ಇಲ್ಲಿಯ ಸಿಯೆರಾ ನೆವಾಡಾ ಬೆಟ್ಟಸಾಲಿನಲ್ಲಿ ಎರಡು ಬೇಸಿಗೆ ನಾನು ಬರಿಗೈಲಿ ಇಳಿದು ಬಂದೆ.

ಮೊದಲ ಸಲ ಹೋದದ್ದು ಲಿಟಲ್ ಲೇಕ್ಸ್ ವ್ಯಾಲಿಗೆ. ಗೊತ್ತಿಲ್ಲದವರಿಗೆ ದಾರಿ ಹೇಳುತ್ತೇನೆ. ಇಲ್ಲಿಂದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನ ದಾಟಿ, 9,943 ಅಡಿ ಎತ್ತರದ ಟಿಯೋಗಾ ಪಾಸ್ ಹತ್ತಿ ಆಚೆ ಇಳಿದು, 395ನೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋದರೆ ಬಿಷಪ್ ಊರಿಗೆ ಮುಂಚೆ ಬಲಕ್ಕೆ ರಾಕ್ ಕ್ರೀಕ್ ರಸ್ತೆ ಸಿಗುತ್ತದೆ. ಆ ರಸ್ತೆ ಮಸ್ಕೀಟೋ ಫ್ಲಾಟ್ ಅನ್ನುವ ಜಾಗದಲ್ಲಿ ಮುಗಿಯುತ್ತದೆ. ಸೊಳ್ಳೆಬಯಲು! ಹೆಸರಿಗೆ ಮೋಸವಿಲ್ಲ. ಅದರ ಎತ್ತರ ಸುಮಾರು 10,200 ಅಡಿ, ಅಂದರೆ ಕಾರು ನಿಲ್ಲಿಸುವ ಜಾಗವೇ ನಮ್ಮ ಮುಳ್ಳಯ್ಯನಗಿರಿಗಿಂತ ಹತ್ತಿರಹತ್ತಿರ ನಾಲ್ಕು ಸಾವಿರ ಅಡಿ ಮೇಲೆ. ಅಲ್ಲಿಂದ ಕಾಲುದಾರಿ. ಮ್ಯಾಕ್, ಮಾರ್ಶ್, ಹಾರ್ಟ್, ಬಾಕ್ಸ್, ಲಾಂಗ್, ಚಿಕನ್‌ಫುಟ್ ಅಂತ ಒಂದರ ಮೇಲೊಂದು ಸರೋವರಗಳು. ಮೇಲಿನದು ಕೋಡಿ ಹರಿದು ಕೆಳಗಿನದಕ್ಕೆ. ಬಯಲುಸೀಮೆಯ ಸರಣಿ ಕೆರೆಗಳನ್ನು ನೋಡಿದವರಿಗೆ ಹೊಸದೇನಲ್ಲ. ಅವನ್ನು ಜನ ಕಟ್ಟಿದರು, ಇವನ್ನು ಹಿಮನದಿ ಕೊರೆಯಿತು, ಅಷ್ಟೇ ವ್ಯತ್ಯಾಸ. ಹಾಗಾಗಿ ನನ್ನ ಬಾಯಲ್ಲಿ ಕೋಡಿ, ತೂಬು, ಅಂಗಳ ಅನ್ನುವ ಮಾತುಗಳೇ ಬರುತ್ತವೆ. ತೂಬು ಮಾತ್ರ ಇಲ್ಲಿಲ್ಲ.

ಆ ದಿನ ನನ್ನ ಕೈಲಿದ್ದದ್ದು ಒಂದು ದೊಡ್ಡ ಅಂಗಡಿಯವರು ಕಟ್ಟಿಕೊಟ್ಟ ಸಾಮಾನು: ಎಂಟಡಿ ರಾಡು, ಹನ್ನೆರಡು ಪೌಂಡ್ ತಡೆಯುವ ದಪ್ಪ ದಾರ, ಮೀನನ್ನು ಮರುಳು ಮಾಡಲು ಗಾಳದ ಜೊತೆ ಕಟ್ಟುವ ಬೆರಳುದ್ದದ ತಗಡಿನ ಚಮಚಗಳು. ಸಮುದ್ರಕ್ಕೆ ಹೊರಟವನಿಗೆ ಕೊಡುವಂಥದ್ದು. ಅದನ್ನು ಹಿಡಿದು ಒಂದು ಬಂಡೆಯ ತುದಿಯಲ್ಲಿ ಎದ್ದು ನಿಂತು, ಭುಜ ನೋಯುವ ತನಕ ನಡುನೀರಿಗೆ ಬೀಸಿದೆ. ಬೆಳಗಿನ ಎಂಟರಿಂದ ಮಧ್ಯಾಹ್ನ ಒಂದರವರೆಗೆ. ಏನೂ ಇಲ್ಲ.

ಹಸಿವಾಯಿತು. ಚಿತ್ರಾನ್ನ ತಿಂದು, ಡಬ್ಬಿ ತೊಳೆಯಲು ನೀರಿನಂಚಿಗೆ ಬಗ್ಗಿದೆ. (ಸರೋವರದಲ್ಲಿ ಪಾತ್ರೆ ತೊಳೆಯಬಾರದು. ಆಗ ತಿಳಿದಿರಲಿಲ್ಲ, ಈಗ ತೊಳೆಯುವುದಿಲ್ಲ.) ಡಬ್ಬಿಯಿಂದ ಒಂದು ಕಡಲೆಬೀಜ ತೇಲಿ ಹೋಯಿತು. ಎರಡಡಿ ಹೋಗಿತ್ತೋ ಇಲ್ಲವೋ, ನಾನು ಬೆಳಗಿನಿಂದ ಹತ್ತಿ ನಿಂತಿದ್ದ ಅದೇ ಬಂಡೆಯ ನೆರಳಿನಿಂದ ಒಂದು ಮೀನು ನಿಧಾನಕ್ಕೆ ಹೊರಬಂತು. ಗೇಣಿಗಿಂತ ಉದ್ದ. ಕಡಲೆಬೀಜವನ್ನು ಬಾಯಿಗೆ ತೆಗೆದುಕೊಂಡಿತು, ಒಂದು ಕ್ಷಣ ಇಟ್ಟುಕೊಂಡಿತು, ಉಗುಳಿತು. ಮತ್ತೆ ನೆರಳಿಗೆ ಹೋಯಿತು. ಅವಸರವೇ ಇಲ್ಲ. ಐದು ಗಂಟೆ ಹೊತ್ತು ನಾನು ಅದರ ಮನೆಯ ಸೂರಿನ ಮೇಲೆ ನಿಂತು ಅಂಗಳದಾಚೆ ಹುಡುಕುತ್ತಿದ್ದೆ.

ಇವತ್ತು ನಾನು ಹೇಳಬೇಕಾಗಿರೋದು ಹೆಚ್ಚುಕಡಿಮೆ ಇಷ್ಟೇ. ಎತ್ತರದ ಸರೋವರದಲ್ಲಿ ಮೀನು ಇರೋದು ಅಂಚಿನಲ್ಲಿ. ಯಾಕೆ ಅನ್ನೋದನ್ನು ಸ್ವಲ್ಪ ಬಿಡಿಸುತ್ತೇನೆ.

ಈ ನೀರು ತಿಳಿಯಾಗಿದೆ ಅಂತ ಎಲ್ಲರೂ ಫೋಟೋ ತೆಗೆಯುತ್ತಾರೆ. ತಿಳಿನೀರು ಅಂದರೆ ಬಡ ನೀರು. ಹಿಮ ಕರಗಿ ಗ್ರಾನೈಟ್ ಬಂಡೆಯ ಮೇಲೆ ಜಾರಿ ಬಂದದ್ದು. ಅದರಲ್ಲಿ ಗೊಬ್ಬರವೂ ಇಲ್ಲ, ಲವಣವೂ ಅಷ್ಟಕ್ಕಷ್ಟೆ. ನಮ್ಮ ಕೆರೆಯ ಹಸಿರು ನೀರಲ್ಲಿ ಎಲ್ಲಿ ಬಾಯಿ ತೆರೆದರೂ ಏನಾದರೂ ಸಿಗುತ್ತದೆ. ಇಲ್ಲಿ ನಡುನೀರಲ್ಲಿ ತೇಲಾಡುವ ಸೂಕ್ಷ್ಮ ಜೀವಿಗಳನ್ನು ಬಿಟ್ಟರೆ ತಿನ್ನಲು ಹೆಚ್ಚೇನೂ ಇಲ್ಲ. ಅಂಚಿನಲ್ಲಿ ಹಾಗಲ್ಲ. ಬಿಸಿಲು ತಳ ಮುಟ್ಟುತ್ತದೆ, ಕಲ್ಲಿನ ಮೇಲೆ ಪಾಚಿ ಹಿಡಿಯುತ್ತದೆ, ಪಾಚಿ ಮೇಯಲು ಹುಳುಗಳು ಬರುತ್ತವೆ. ಮರಳು ಕಣಗಳನ್ನು ಅಂಟಿಸಿ ತನ್ನ ಸುತ್ತ ಕೊಳವೆ ಕಟ್ಟಿಕೊಳ್ಳುವ ಕ್ಯಾಡಿಸ್ ಹುಳು, ಕಚ್ಚದ ಸೊಳ್ಳೆಯಂಥ ಮಿಡ್ಜ್‌ನ ಮರಿ, ಎಲ್ಲವೂ ಅಲ್ಲೇ. ದಡದ ಹುಲ್ಲಿನಿಂದ ಇರುವೆ, ಜೀರುಂಡೆ ಬೀಳುವುದೂ ಅಲ್ಲೇ.

ಇನ್ನೊಂದು ಕಾರಣ ತಂಪು. ಈ ಸರೋವರಗಳ ಮೀನು ಟ್ರೌಟ್, ತಣ್ಣೀರಿನ ಜಾತಿ. ಅದಕ್ಕೆ ಹಿತವಾದದ್ದು ಹತ್ತರಿಂದ ಹದಿನಾರು ಡಿಗ್ರಿ ಸೆಲ್ಸಿಯಸ್ ನೀರು. ಕೆಳಗಿನ ಜಲಾಶಯಗಳಲ್ಲಿ ಆಗಸ್ಟ್ ಬಂತೆಂದರೆ ಮೇಲ್ನೀರು ಕಾದು, ಮೀನು ತಂಪು ಹುಡುಕಿ ಆಳಕ್ಕಿಳಿಯುತ್ತದೆ. ಅಲ್ಲಿ ದೋಣಿ ಬೇಕು. ಹತ್ತು ಸಾವಿರ ಅಡಿ ಮೇಲೆ ನಡುಬೇಸಿಗೆಯಲ್ಲೂ ದಡದ ನೀರಿಗೆ ಕಾಲಿಟ್ಟರೆ ಜುಂ ಅನ್ನುತ್ತದೆ. ಊಟವೂ ಅಲ್ಲೇ, ತಂಪೂ ಅಲ್ಲೇ ಇರುವಾಗ ಮೀನು ಆಳಕ್ಕೆ ಯಾಕೆ ಹೋಗಬೇಕು? ದೋಣಿ ಇಲ್ಲದ ಬಡವನಿಗೆ ಇದಕ್ಕಿಂತ ಒಳ್ಳೆ ಏರ್ಪಾಟಿಲ್ಲ.

ಹಾಗಾದರೆ ಎಲ್ಲರಿಗೂ ಯಾಕೆ ಸಿಗುವುದಿಲ್ಲ? ಮೀನಿಗೆ ನಾವು ಕಾಣುತ್ತೇವೆ, ಅದಕ್ಕೆ. ಇಲ್ಲಿ ಸ್ವಲ್ಪ ಹೈಸ್ಕೂಲಿನ ಭೌತಶಾಸ್ತ್ರ ಬೇಕಾಗುತ್ತದೆ. ಬೆಳಕು ನೀರಿಗೆ ಇಳಿಯುವಾಗ ಬಾಗುವುದರಿಂದ ನೀರೊಳಗಿನ ಮೀನಿಗೆ ಮೇಲಿನ ಲೋಕವೆಲ್ಲ ಒಂದು ದುಂಡು ಕಿಟಕಿಯೊಳಗೆ ಮುದುಡಿ ಕಾಣುತ್ತದೆ. ಆ ಕಿಟಕಿಯ ಕೋನ ಸುಮಾರು 97 ಡಿಗ್ರಿ. ಕಿಟಕಿಯ ಅಂಚಿನಲ್ಲಿ, ಅಂದರೆ ನೀರಿನ ಮಟ್ಟದಿಂದ ಹತ್ತು ಡಿಗ್ರಿಗಿಂತ ತಗ್ಗಿನಲ್ಲಿರುವುದೆಲ್ಲ ಎಷ್ಟು ಚಪ್ಪಟೆಯಾಗಿ, ಮಸುಕಾಗಿರುತ್ತದೆಂದರೆ, ಮೀನಿಗೆ ಅದು ಇದ್ದೂ ಇಲ್ಲದ ಹಾಗೆ. ನಾನು ಐದೂವರೆ ಅಡಿ ಎತ್ತರ. ಎದ್ದು ನಿಂತರೆ ಆ ಹತ್ತು ಡಿಗ್ರಿಯೊಳಗೆ ಅಡಗಲು ಮೀನಿನಿಂದ ಮೂವತ್ತೊಂದು ಅಡಿ ದೂರ ಇರಬೇಕು. ಕೂತರೆ ಮೂರಡಿ ಆಗುತ್ತೇನೆ, ಆಗ ಹದಿನೇಳು ಅಡಿ ಸಾಕು. ಕೂತದ್ದಕ್ಕೇ ಹದಿನಾಲ್ಕು ಅಡಿ ಲಾಭ! ಎಷ್ಟು ಸಾವಿರ ಡಾಲರಿನ ರಾಡೂ ಇಷ್ಟನ್ನು ಕೊಡುವುದಿಲ್ಲ. ಬಂಡೆಯ ತುದಿಯಲ್ಲಿ ಆಕಾಶದ ಎದುರು ನಿಲ್ಲುವುದು, ನೆರಳನ್ನು ನೀರಿನ ಮೇಲೆ ಚೆಲ್ಲುವುದು, ಕಲ್ಲಿನಿಂದ ಕಲ್ಲಿಗೆ ದಡದಡ ಹಾರುವುದು, ಇವು ಮೂರನ್ನೂ ನಾನು ಮೊದಲ ದಿನವೇ ಮಾಡಿ ಮುಗಿಸಿದ್ದೆ.

ಈಗ ನಾನು ಸರೋವರಕ್ಕೆ ಹೋದರೆ ಮೊದಲ ಇಪ್ಪತ್ತು ನಿಮಿಷ ಗಾಳ ಬಿಚ್ಚುವುದೇ ಇಲ್ಲ. ಪೋಲರಾಯ್ಡ್ ಕನ್ನಡಕ ಹಾಕಿಕೊಂಡು ದಡದಿಂದ ಹಿಂದೆ ಸರಿದು ಕೂರುತ್ತೇನೆ. ನೀರಿನ ಬಣ್ಣ ನೋಡುತ್ತೇನೆ. ಅಂಚಿನ ಕಂದು ಬಣ್ಣ ಮುಂದೆ ತಿಳಿಹಸಿರಾಗಿ, ಒಂದು ಕಡೆ ಥಟ್ಟನೆ ಕಡುನೀಲಿಗೆ ತಿರುಗುತ್ತದೆ. ಆ ಗೆರೆಯಲ್ಲಿ ತಳ ಕುಸಿದು ಆಳ ಶುರುವಾಗುತ್ತದೆ. ಮೀನುಗಳು ಆ ಗೆರೆ ಹಿಡಿದು ಗಸ್ತು ತಿರುಗುತ್ತವೆ. ಏನಾದರೂ ಸದ್ದಾದರೆ ಒಂದು ಬಾಲದೇಟಿಗೆ ಆಳ, ಇಲ್ಲವಾದರೆ ಒಂದು ಬಾಲದೇಟಿಗೆ ಊಟ.

ಗಸ್ತು ಅಂದದ್ದು ಸುಮ್ಮನೆ ಅಲ್ಲ. ಚಿಕನ್‌ಫುಟ್ ಸರೋವರದ ಒಂದು ಕೊಲ್ಲಿಯಲ್ಲಿ ಒಂದು ಬ್ರೂಕ್ ಟ್ರೌಟನ್ನು ನಾನು ಗಡಿಯಾರ ಹಿಡಿದು ನೋಡಿದ್ದೇನೆ. ಬ್ರೂಕ್ ಟ್ರೌಟನ್ನು ನೀರಲ್ಲೇ ಗುರುತಿಸಬಹುದು. ಹೊಟ್ಟೆಯಡಿಯ ಕೆಂಪು ರೆಕ್ಕೆಗಳ ಮುಂಚೂಣಿಗೆ ಸುಣ್ಣದ ಗೆರೆ ಎಳೆದ ಹಾಗೆ ಬಿಳಿ ಅಂಚಿರುತ್ತದೆ, ಬೆನ್ನ ಮೇಲೆ ಗೆದ್ದಲು ತಿಂದ ಹಲಗೆಯಂಥ ಗೀಟುಗಳು. ಇದು ಎಡದ ಮುರುಕು ಪೈನ್ ಕಾಂಡದ ಹತ್ತಿರ ಕಾಣಿಸಿಕೊಳ್ಳುತ್ತಿತ್ತು, ನನ್ನ ಮುಂದೆ ಹಾದು, ಬಲಗಡೆಯ ಚಪ್ಪಡಿಯ ಹತ್ತಿರ ಒಮ್ಮೆ ಮೂಗು ತಗ್ಗಿಸಿ ಏನೋ ಹೆಕ್ಕಿ, ಆಳಕ್ಕೆ ತಿರುಗಿ ಮಾಯ. ಸುಮಾರು ನಾಲ್ಕು ನಿಮಿಷಕ್ಕೆ ಮತ್ತೆ ಪೈನ್ ಕಾಂಡದ ಹತ್ತಿರ. ಮೂರು ಸುತ್ತು ಬಿಟ್ಟೆ. ನಾಲ್ಕನೆಯದಕ್ಕೆ, ಅದು ಆಳಕ್ಕೆ ಹೋದಾಗ, ಒಂದು ಕಪ್ಪು ಇರುವೆಯಂಥ ಗಾಳವನ್ನು ಚಪ್ಪಡಿಯಿಂದ ಹತ್ತಡಿ ಈಚೆ ಇಳಿಸಿ ಸುಮ್ಮನೆ ಬಿಟ್ಟೆ. ಮೀನು ಬಂತು. ಇರುವೆಯ ಕೆಳಗೆ ಬಂದು ನಿಂತಿತು. ರೆಕ್ಕೆ ಮಾತ್ರ ಆಡುತ್ತಿತ್ತು. ಮೂಗು ಮೇಲೆತ್ತಿ ಬಾಯಿ ಬಿಚ್ಚಿತು, ಒಳಗಿನ ಬಿಳುಪು ಕಂಡಿತು, ನಾನು ಎಳೆದುಬಿಟ್ಟೆ. ಬಾಯಿ ಮುಚ್ಚುವ ಮುಂಚೆಯೇ. ಇರುವೆ ಹಾರಿ ನನ್ನ ಟೋಪಿಗೆ ಕಚ್ಚಿಕೊಂಡಿತು.

ನಮ್ಮಜ್ಜ ಕಣದಲ್ಲಿ ಭತ್ತ ಅಳೆಯುವಾಗ 'ಒಂದು' ಅನ್ನುತ್ತಿರಲಿಲ್ಲ, 'ಲಾಭ' ಅನ್ನುತ್ತಿದ್ದರು. ಲಾಭ, ಎರಡು, ಮೂರು. ಈಗ ಮೀನು ಬಾಯಿ ಹಾಕಿದ ಕೂಡಲೇ ನಾನೂ ಮನಸ್ಸಲ್ಲೇ 'ಲಾಭ, ಎರಡು' ಅಂತ ಎಣಿಸಿ ಆಮೇಲೆ ಕೋಲು ಎತ್ತುತ್ತೇನೆ. ಅಷ್ಟರಲ್ಲಿ ಅದು ಬಾಯಿ ಮುಚ್ಚಿ ತಲೆ ತಿರುಗಿಸಿರುತ್ತದೆ.

ಸಾಮಾನಿನ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಇದರ ಬಗ್ಗೆ ಮಾತಾಡಲು ಕೂತರೆ ಗಂಡಸರು ಊಟಕ್ಕೆ ಏಳುವುದಿಲ್ಲ. ಆರಡಿಯ ಹಗುರ ರಾಡು, ಚಿಕ್ಕ ರೀಲು, ನಾಲ್ಕು ಪೌಂಡಿನ ತೆಳು ದಾರ. ಎರಡರಿಂದ ಮೂರೂವರೆ ಗ್ರಾಂ ತೂಕದ ಸ್ಪಿನ್ನರ್ ನಾಲ್ಕಾರು, ಅಂದರೆ ಎಳೆದಾಗ ಗಿರಗಿರ ತಿರುಗುವ ಪುಟ್ಟ ತಗಡು. ಜೊತೆಗೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಬೆಂಡು, ಒಳಗೆ ನೀರು ತುಂಬುವಂಥದ್ದು. ಇದು ನನಗೆ ತುಂಬ ಇಷ್ಟದ ಸಾಧನ. ನೊಣದಂಥ, ಇರುವೆಯಂಥ ಗಾಳಕ್ಕೆ ತೂಕವೇ ಇರುವುದಿಲ್ಲ, ಎಸೆದರೆ ಮುಖಕ್ಕೇ ಬರುತ್ತದೆ. ಬೆಂಡಿಗೆ ಅರ್ಧ ನೀರು ತುಂಬಿ, ಅದರಿಂದ ಐದಡಿ ದಾರ ಬಿಟ್ಟು ತುದಿಗೆ ಇರುವೆ ಕಟ್ಟಿದರೆ, ತೂಕ ನೀರಿನದು, ಮೋಸ ಇರುವೆಯದು. ನವಿಲುಗರಿಯ ಬೆಂಡಿನಿಂದ ಶುರು ಮಾಡಿದವನು ಕೊನೆಗೂ ಬೆಂಡಿಗೇ ವಾಪಸು ಬಂದೆ. ಇನ್ನು ಗಾಳದ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಬಿಡಿ, ಬಿಡಿಸುವುದು ಸುಲಭ. ಎರೆಹುಳವನ್ನು ಮೀನು ಗಂಟಲ ತನಕ ನುಂಗುತ್ತದೆ. ತಿನ್ನುವುದಾದರೆ ಸರಿ, ವಾಪಸು ಬಿಡುವುದಾದರೆ ಬೇಡ. ಹದಿನಾರು ವರ್ಷ ತುಂಬಿದವರಿಗೆ ರಾಜ್ಯದ ಲೈಸೆನ್ಸ್ ಕಡ್ಡಾಯ. 2023ರಿಂದ ಅದು ಕೊಂಡ ದಿನದಿಂದ 365 ದಿನ ನಡೆಯುತ್ತದೆ. ಯಾವ ನೀರಲ್ಲಿ ಎಷ್ಟು ಮೀನು, ಯಾವ ಗಾಳ ಅನ್ನುವ ನಿಯಮ ಒಂದೊಂದು ಕಡೆ ಒಂದೊಂದು ಥರ, ಹೊರಡುವ ಮುಂಚೆ ಓದಿಕೊಂಡು ಹೋಗಿ.

ಯಾವ ದಡ? ಇದನ್ನು ಎಲ್ಲರೂ ಕೇಳುತ್ತಾರೆ. ಹಳ್ಳ ಬಂದು ಸೇರುವ ಬಾಯಿ ಮತ್ತು ಕೋಡಿ, ಇವೆರಡು ಯಾವತ್ತೂ ಒಳ್ಳೆಯ ಜಾಗ. ಹಿಮ ಒಡೆಯುವ ಹೊತ್ತಿಗೆ ಹೋದರೆ ದಡಕ್ಕೂ ಮಂಜುಗಡ್ಡೆಗೂ ನಡುವೆ ಮೊದಲು ಬಿಡುವ ಕಪ್ಪು ನೀರಿನ ಸೀಳಿನಲ್ಲಿ ಎಂಟು ತಿಂಗಳ ಹಸಿವಿನ ಮೀನು ಕಾದಿರುತ್ತದೆ. ಆ ಹೊತ್ತು ಯಾವಾಗ ಅನ್ನೋದು ಆ ವರ್ಷದ ಹಿಮ ಹೇಳಬೇಕು. ಸಾಮಾನ್ಯವಾಗಿ ಜೂನ್. 2023ರಲ್ಲಿ ಹಿಮ ಎಷ್ಟು ಬಿದ್ದಿತ್ತೆಂದರೆ ಟಿಯೋಗಾ ರಸ್ತೆ ತೆರೆಯುವಾಗ ಜುಲೈ ಮೂರನೇ ವಾರ ಕಳೆದಿತ್ತು. ಮಧ್ಯಾಹ್ನದ ನಂತರವಾದರೆ ಗಾಳಿ ಬಂದು ಬಡಿಯುವ ದಡಕ್ಕೆ ಹೋಗಿ. ಕೆಳಗೆ ಓವೆನ್ಸ್ ಕಣಿವೆ ಕಾದಂತೆ ಗಾಳಿ ಬೆಟ್ಟ ಹತ್ತುತ್ತದೆ. ಬರುವಾಗ ಕೆಳಗಿನ ರೆಕ್ಕೆಯಿರುವೆ, ಜೀರುಂಡೆ ಎಲ್ಲವನ್ನೂ ಹೊತ್ತು ತಂದು ತಣ್ಣನೆ ನೀರಿನ ಮೇಲೆ ಸುರಿದು ಒಂದು ಬದಿಗೆ ಗುಡಿಸುತ್ತದೆ. ಎದುರುಗಾಳಿಗೆ ಎಸೆಯುವುದು ಕಷ್ಟ, ನಿಜ. ಆದರೆ ಎಸೆಯಬೇಕಾದ್ದು ಹದಿನೈದು ಅಡಿ ತಾನೆ.

ಗಾಳಿಯ ಜೊತೆ ಮೋಡವೂ ಹತ್ತುತ್ತದೆ, ಅದನ್ನು ಮರೆಯಬೇಡಿ. ಒಂದು ಆಗಸ್ಟ್ ಮಧ್ಯಾಹ್ನ ಮೀನು ಏಳುತ್ತಿದೆ ಅಂತ ಆಸೆಬಿದ್ದು ಕೂತಿದ್ದೆ. ಗುಡುಗು ದೂರದಲ್ಲಿತ್ತು. ಕೈಲಿದ್ದ ಗ್ರಾಫೈಟ್ ರಾಡು ಜೇನುಗೂಡಿನ ಹಾಗೆ ಗುಂಯ್ ಅನ್ನತೊಡಗಿತು. ಮೊದಲು ಗಾಳಿಯ ಸದ್ದು ಅಂದುಕೊಂಡೆ. ಮುಂಗೈ ಕೂದಲು ನಿಮಿರಿದಾಗ ಅರ್ಥವಾಯಿತು. ರಾಡು ಎಸೆದು ತಗ್ಗಿಗೆ ಓಡಿ ಕುಕ್ಕರಗಾಲಲ್ಲಿ ಕೂತೆ. ಗ್ರಾಫೈಟ್ ವಿದ್ಯುತ್ ಹರಿಸುತ್ತದೆ ಅಂತ ಪಿಯುಸಿಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಈಗ ಒಂದು ಗಂಟೆಗೆಲ್ಲ ಗಂಟು ಕಟ್ಟುತ್ತೇನೆ.

(ಇಲ್ಲಿ ಒಬ್ಬರು ಕೇಳಿದರು: ಮೇಲೆ ಅಡುಗೆ ಹೇಗೆ, ಅನ್ನ ಮಾಡಿಕೊಳ್ಳಬಹುದಾ?)

ಅನ್ನದ ಆಸೆ ಬಿಡಿ. ಆ ಎತ್ತರದಲ್ಲಿ ನೀರು ತೊಂಬತ್ತು ಡಿಗ್ರಿ ಮುಟ್ಟುವ ಮುಂಚೆಯೇ ಕುದಿಯುತ್ತದೆ. ಕುಕ್ಕರ್ ಹೊತ್ತು ಹೋಗದಿದ್ದರೆ ಅಕ್ಕಿ ಅಕ್ಕಿಯಾಗಿಯೇ ಉಳಿಯುತ್ತದೆ, ಗ್ಯಾಸ್ ಮಾತ್ರ ಮುಗಿಯುತ್ತದೆ. ಅವಲಕ್ಕಿ ತೆಗೆದುಕೊಂಡು ಹೋಗಿ. ಹತ್ತು ಸಾವಿರ ಅಡಿಯ ಮೇಲೆ ಹಲವು ಕಡೆ ಸೌದೆ ಒಲೆ ಹಚ್ಚುವ ಹಾಗಿಲ್ಲ. ರಾತ್ರಿ ಉಳಿಯುವುದಾದರೆ ಪರ್ಮಿಟ್ ಬೇಕು, ಊಟವನ್ನೆಲ್ಲ ಕರಡಿ ತೆರೆಯಲಾಗದ ಡಬ್ಬಿಯಲ್ಲಿಡಬೇಕು. ಗಾಳಿಯ ಒತ್ತಡ ಇಲ್ಲಿಯ ಮೂರರಲ್ಲಿ ಎರಡು ಪಾಲು ಮಾತ್ರ. ಸ್ಯಾನ್ ಹೊಸೆಯಿಂದ ಒಂದೇ ದಿನ ಹೋಗಿ ಹತ್ತಿದರೆ ತಲೆನೋವಿಗೆ ಮೀನು ಬೇಡವಾಗುತ್ತದೆ. ಒಂದು ರಾತ್ರಿ ಎಂಟು ಸಾವಿರ ಅಡಿಯ ಆಸುಪಾಸಿನಲ್ಲಿ ಮಲಗಿ ಹೋಗಿ.

ಈಗ ಇನ್ನೊಂದು ವಿಷಯ. ಇದನ್ನು ಹೇಳದೆ ಮೀನು ಹಿಡಿಯುವ ಉಪಾಯ ಮಾತ್ರ ಹೇಳಿ ಹೋದರೆ ಅರ್ಧ ಸುಳ್ಳು ಹೇಳಿದಂತೆ.

ಈ ಮೀನುಗಳು ಅಲ್ಲಿಯವಲ್ಲ. ಸಿಯೆರಾದಲ್ಲಿ ಸುಮಾರು 6,000 ಅಡಿಗಿಂತ ಮೇಲಿನ ಸರೋವರಗಳಲ್ಲಿ ಹೆಚ್ಚುಕಡಿಮೆ ಎಲ್ಲಿಯೂ ಮೊದಲು ಮೀನೇ ಇರಲಿಲ್ಲ. ಹಿಮನದಿ ಕರಗಿ ಹೋದಮೇಲೆ ಉಳಿದ ಬೋಗುಣಿಗಳು ಅವು. ಕೆಳಗಿನಿಂದ ಮೀನು ಹತ್ತಿ ಬರೋಣವೆಂದರೆ ದಾರಿಯಲ್ಲಿ ಜೋಗದಂಥ ಕಡಿದಾದ ಬಂಡೆಗಳು. ನಮ್ಮ ಹತ್ತುಮೀನು ಗದ್ದೆಯ ಬದು ಹಾರುತ್ತದೆ, ಜೋಗ ಹಾರುತ್ತದೆಯೇ? ಮೇಲೆ ಮೊದಲಿನಿಂದ ಇದ್ದದ್ದು ಮುಖ್ಯವಾಗಿ ದಕ್ಷಿಣದ ಕರ್ನ್ ನದಿಯ ಮೇಲ್ಭಾಗದಲ್ಲಿ, ತೊರೆಗಳಲ್ಲಿ. ಅದೇ ಗೋಲ್ಡನ್ ಟ್ರೌಟ್. ಅರಿಶಿನದ ಮೈ, ಹೊಟ್ಟೆಗೆ ಕುಂಕುಮ ಬಳಿದ ಹಾಗೆ, ಪಕ್ಕದಲ್ಲಿ ಸಾಲಾಗಿ ಕಪ್ಪು ಮಚ್ಚೆಗಳು. ಗಾಳಕ್ಕೆ ಬಂದು ಕೈಲಿ ಹಿಡಿದಾಗ ಇದು ನೀರಿನ ಪ್ರಾಣಿಯೋ ಮದುವೆಮನೆಯ ತಟ್ಟೆಯೋ ಅನ್ನಿಸುತ್ತದೆ. 1904ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಇದನ್ನು ಅಭ್ಯಾಸ ಮಾಡಲು ಬಾರ್ಟನ್ ಎವರ್‌ಮನ್ ಅನ್ನುವ ಮೀನುತಜ್ಞರನ್ನು ಕಳಿಸಿದರು. 1947ರಲ್ಲಿ ಇದು ಕ್ಯಾಲಿಫೋರ್ನಿಯಾದ ರಾಜ್ಯ ಮೀನಾಯಿತು.

ಆದರೆ ಅಷ್ಟರಲ್ಲಿ ಅದರ ಪ್ರಯಾಣ ಶುರುವಾಗಿ ಎಷ್ಟೋ ಕಾಲವಾಗಿತ್ತು. 1876ರಲ್ಲಿ ಮರ ಕೊಯ್ಯುವ ಮಿಲ್ಲಿನ ಯಜಮಾನರೊಬ್ಬರು ಮಲ್ಕಿ ತೊರೆಯಿಂದ ಹನ್ನೆರಡೋ ಹದಿಮೂರೋ ಗೋಲ್ಡನ್ ಮೀನನ್ನು ಕಾಫಿ ಕಾಸುವ ಪಾತ್ರೆಯಲ್ಲಿ ಹೊತ್ತು ತಂದು, ದಿಬ್ಬದಾಚೆಯ ಕಾಟನ್‌ವುಡ್ ತೊರೆಗೆ ಬಿಟ್ಟರು. ಮಿಲ್ಲಿನ ಹತ್ತಿರ ಊಟಕ್ಕೆ ಮೀನಿರಲಿ ಅಂತ. ಅವುಗಳ ಸಂತತಿಯನ್ನು 1891ರಲ್ಲಿ ಇನ್ನೂ ಮೇಲೆ, 11,000 ಅಡಿಯ ಕಾಟನ್‌ವುಡ್ ಸರೋವರಗಳಿಗೆ ಹೊತ್ತರು. ಆಮೇಲೆ ಆ ಸರೋವರಗಳೇ ಮೊಟ್ಟೆಯ ಕಣಜವಾದವು. ಅಲ್ಲಿಂದ ಎಷ್ಟೆಷ್ಟೋ ನೀರುಗಳಿಗೆ ಗೋಲ್ಡನ್ ಟ್ರೌಟ್ ಹೋಯಿತು. ವಿಚಿತ್ರ ನೋಡಿ, ಈ ಜಾತಿಯ ದಾಖಲೆಯ ಮೀನು ಸಿಕ್ಕಿದ್ದು ಕ್ಯಾಲಿಫೋರ್ನಿಯಾದಲ್ಲಲ್ಲ, ವಯೋಮಿಂಗ್‌ನ ಕುಕ್ ಸರೋವರದಲ್ಲಿ, 1948ರಲ್ಲಿ. ತೂಕ ಸುಮಾರು 11 ಪೌಂಡ್, ಅಂದರೆ ಹತ್ತಿರಹತ್ತಿರ ಐದು ಕಿಲೋ. ತವರಿನಲ್ಲಿ ಒಂದಡಿ ಆದರೆ ಹೆಚ್ಚು.

ಉಳಿದ ಮೀನುಗಳು ಹೇಸರಗತ್ತೆಯ ಮೇಲೆ ಹಾಲಿನ ಕ್ಯಾನಿನಂಥ ಡಬ್ಬಿಗಳಲ್ಲಿ ಹತ್ತಿದವು. ಎರಡನೇ ಮಹಾಯುದ್ಧದ ನಂತರ ವಿಮಾನ ಬಂತು. ಬೆರಳುದ್ದದ ಮರಿಗಳನ್ನು ಸರೋವರದ ಮೇಲೆ ಹಾರುತ್ತಾ ನೀರಿನ ಸಮೇತ ಸುರಿಯುವುದು. ಮರಿ ಹಗುರ, ಹಾಗಾಗಿ ಬಿದ್ದರೂ ಬದುಕುತ್ತದೆ. ಹೀಗೆ ಮೀನು ಹೊತ್ತೊಯ್ಯುವ ಹುಚ್ಚು ಇಲ್ಲಿಯದು ಮಾತ್ರವಲ್ಲ. 1900ರಲ್ಲಿ ಕಾಶ್ಮೀರಕ್ಕೆ ಸ್ಕಾಟ್ಲೆಂಡಿನಿಂದ ಟ್ರೌಟ್ ಮೊಟ್ಟೆ ಹೋಯಿತು, ಸ್ವಲ್ಪ ಕಾಲದ ಮೇಲೆ ನಮ್ಮ ಗುಂಡ್ಲುಪೇಟೆಯಿಂದ ಒಂದೇ ಘಟ್ಟ ಹತ್ತಿದರೆ ಸಿಗುವ ನೀಲಗಿರಿಗೂ ಬಂತು. ಬೆಂಗಳೂರಿನಿಂದ ಕಾಶ್ಮೀರದ ಗಂಗಾಬಲ್, ವಿಶನ್‌ಸರ್‌ಗೆ ಚಾರಣ ಹೋಗಿ ಬಂದ ಹುಡುಗರು ನೀರಲ್ಲಿ ಕಂಡೆವು ಅಂತ ಹೇಳುವ ಮೀನೂ ಹೊರಗಿನಿಂದ ಬಂದದ್ದೇ.

ಹೀಗೆ ಬಂದವುಗಳಲ್ಲಿ ನನಗೆ ಒಂಥರಾ ಅಯ್ಯೋ ಅನ್ನಿಸುವುದು ಬ್ರೂಕ್ ಟ್ರೌಟ್. ಅಮೆರಿಕದ ಪೂರ್ವ ತೀರದ್ದು, ಲೆಕ್ಕಕ್ಕೆ ಟ್ರೌಟ್ ಕೂಡ ಅಲ್ಲ, ಚಾರ್ ಅನ್ನುವ ಬಳಗ. ರೇನ್‌ಬೋ, ಗೋಲ್ಡನ್‌ಗಳಿಗೆ ಮೊಟ್ಟೆಯಿಡಲು ಹರಿಯುವ ತೊರೆ ಬೇಕು. ಬ್ರೂಕ್‌ಗೆ ಸರೋವರದ ತಳದಲ್ಲಿ ಒಂದಿಷ್ಟು ಜಲ್ಲಿ, ಅದರಡಿಯಿಂದ ಒಸರುವ ನೀರು ಇದ್ದರೆ ಸಾಕು. ಹಾಗಾಗಿ ಸಂಸಾರ ಬೆಳೆಯುತ್ತದೆ, ಊಟ ಬೆಳೆಯುವುದಿಲ್ಲ. ದೊಡ್ಡ ತಲೆ, ಸಣಕಲು ಮೈ. ಕಾನ್ವಿಕ್ಟ್ ತೊರೆಯ ಮೇಲ್ಭಾಗದಲ್ಲಿ ಬನ್ನಿ ಲೇಕ್ ಅಂತ ಒಂದು ಪುಟ್ಟ ಸರೋವರವಿದೆ. ಅಲ್ಲಿ ಬಿಟ್ಟ ಬ್ರೂಕ್ ಟ್ರೌಟ್‌ಗಳನ್ನು ವರ್ಷಾನುಗಟ್ಟಲೆ ಗಮನಿಸಿದಾಗ ಕೆಲವು 24 ವರ್ಷ ಬದುಕಿದ್ದು ದಾಖಲಾಗಿದೆ. ಸಾಮಾನ್ಯವಾಗಿ ಈ ಮೀನಿನ ಆಯುಸ್ಸು ನಾಲ್ಕೈದು ವರ್ಷ. ತಣ್ಣನೆ ನೀರು, ಅರೆಹೊಟ್ಟೆ, ನಿಧಾನಗತಿ, ಇಪ್ಪತ್ನಾಲ್ಕು ವರ್ಷ. ಇದನ್ನು ಓದಿದ ಮೇಲೆ ಗಾಳಕ್ಕೆ ಬಂದ ಗೇಣುದ್ದದ ಬ್ರೂಕನ್ನು 'ಮರಿ' ಅನ್ನಲು ಬಾಯಿ ಬರುವುದಿಲ್ಲ. ನನ್ನ ಮಗನಿಗಿಂತ ದೊಡ್ಡದಿರಬಹುದು.

ಸರಿ, ಮೀನಿಲ್ಲದ ನೀರಿಗೆ ಮೀನು ಬಿಟ್ಟರು. ಮೊದಲು ಅಲ್ಲಿ ಯಾರಿದ್ದರು? ಕಪ್ಪೆ. ಹಳದಿ ಕಾಲಿನ ಬೆಟ್ಟಗಪ್ಪೆ. 1910ರ ದಶಕದಲ್ಲಿ ಜೋಸೆಫ್ ಗ್ರಿನೆಲ್ ಅವರ ತಂಡ ಯೊಸೆಮಿಟಿಯ ಪ್ರಾಣಿಗಳ ಲೆಕ್ಕ ಹಾಕಿದಾಗ ಎತ್ತರದಲ್ಲಿ ಎಲ್ಲಿ ನೋಡಿದರೂ ಇದೇ ಕಪ್ಪೆ. ಮೀನಿರುವ ನೀರಲ್ಲಿ ಅದು ಕಾಣುವುದಿಲ್ಲ ಅಂತ ಅವರು ಆಗಲೇ ಗುರುತು ಹಾಕಿದ್ದರು. ಕಾರಣ ಈ ಕಪ್ಪೆಯ ಬಾಲ್ಯ. ನಮ್ಮೂರ ಗೊದಮೊಟ್ಟೆ ಒಂದು ಮಳೆಗಾಲದಲ್ಲಿ ಕಪ್ಪೆಯಾಗಿ ಕುಪ್ಪಳಿಸುತ್ತದೆ. ಅಲ್ಲಿ ಬೇಸಿಗೆ ಗಿಡ್ಡ, ಆದ್ದರಿಂದ ಗೊದಮೊಟ್ಟೆ ಕಪ್ಪೆಯಾಗಲು ಎರಡು, ಮೂರು, ಕೆಲವೊಮ್ಮೆ ನಾಲ್ಕು ವರ್ಷ ಬೇಕು. ಅಷ್ಟು ವರ್ಷ ಬದುಕಲು ಚಳಿಗಾಲದಲ್ಲಿ ತಳದ ತನಕ ಹೆಪ್ಪುಗಟ್ಟದ ಆಳವಾದ ಸರೋವರ ಬೇಕು. ಜನ ಮೀನು ಬಿಟ್ಟದ್ದೂ ಅಂಥ ಸರೋವರಗಳಿಗೇ. ಇನ್ನು ಹಗಲಲ್ಲಿ ಗೊದಮೊಟ್ಟೆ ಬೆಚ್ಚಗಿನ ನೀರು ಹುಡುಕಿ ಎಲ್ಲಿಗೆ ಬರುತ್ತದೆ? ಅಂಚಿಗೆ. ನಾನು ಇಷ್ಟು ಹೊತ್ತು ಹೊಗಳಿದ ಅದೇ ಅಂಚಿಗೆ.

ಇದಕ್ಕೆ ಆಮೇಲೆ ಕೈಟ್ರಿಡ್ ಅನ್ನುವ ಚರ್ಮದ ಶಿಲೀಂಧ್ರವೂ ಸೇರಿಕೊಂಡಿತು. ಮೊದಲಿದ್ದ ನೆಲೆಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಖಾಲಿಯಾದವು. 2014ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಇದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಕಪ್ಪೆ ತಿನ್ನುವ ಹಾವು ಕಡಿಮೆಯಾಯಿತು. ನೀರಿನಿಂದೇಳುವ ನೊಣಗಳನ್ನು ಮೀನು ಮೊದಲೇ ತಿಂದುಬಿಡುವುದರಿಂದ ರೋಸಿ ಫಿಂಚ್ ಅನ್ನುವ ಬೆಟ್ಟದ ಹಕ್ಕಿ ಮೀನಿರುವ ಸರೋವರಗಳ ಹತ್ತಿರ ಕಡಿಮೆ ಸುಳಿಯುತ್ತದೆ. ಯೊಸೆಮಿಟಿ 1991ರಲ್ಲಿ ಮೀನು ಬಿಡುವುದನ್ನು ನಿಲ್ಲಿಸಿತು.

1990ರ ದಶಕದ ಕೊನೆಗೆ ವ್ಯಾನ್ಸ್ ವ್ರೆಡೆನ್‌ಬರ್ಗ್ ಅನ್ನುವ ಸಂಶೋಧಕರು ಕಿಂಗ್ಸ್ ಕ್ಯಾನ್ಯನ್‌ನ ಸಿಕ್ಸ್ಟಿ ಲೇಕ್ ಬೇಸಿನ್‌ನಲ್ಲಿ ಬಲೆ ಹಾಕಿ ಕೆಲವು ಸರೋವರಗಳ ಮೀನನ್ನೆಲ್ಲ ಎತ್ತಿಬಿಟ್ಟರು. ಮೂರ್ನಾಲ್ಕು ವರ್ಷದಲ್ಲಿ ಕಪ್ಪೆ ತುಂಬಿಕೊಂಡಿತು. ರೋಲಂಡ್ ನ್ಯಾಪ್ ಮತ್ತಿತರರೂ ಬೇರೆ ಕಣಿವೆಗಳಲ್ಲಿ ಇದನ್ನೇ ಮಾಡಿ ಇದನ್ನೇ ಕಂಡರು. ಈಗ ರಾಷ್ಟ್ರೀಯ ಉದ್ಯಾನದವರು ಆಯ್ದ ಸರೋವರಗಳಲ್ಲಿ ಮೀನು ತೆಗೆಯುತ್ತಾರೆ. ಗಾಳದವರಲ್ಲಿ ಕೆಲವರಿಗೆ ಇದರ ಮೇಲೆ ಸಿಟ್ಟಿದೆ. ಅಪ್ಪ, ಅಜ್ಜ ಹಿಡಿದ ನೀರು ಅಂತ. ನನಗೆ ಸಿಟ್ಟಿಲ್ಲ. ಸಿಯೆರಾದಲ್ಲಿ ಮೀನಿರುವ ಸರೋವರ ನನ್ನ ಈ ಜನ್ಮಕ್ಕೆ ಮುಗಿಯುವುದಿಲ್ಲ. ಹಾಗಂತ ಗಾಳ ಹಾಕುವುದನ್ನೂ ಬಿಟ್ಟಿಲ್ಲ. ಬ್ರೂಕ್ ಸಿಕ್ಕರೆ ನಿಯಮ ಬಿಟ್ಟಷ್ಟನ್ನು ತಿನ್ನುತ್ತೇನೆ, ಗೋಲ್ಡನ್ ಸಿಕ್ಕರೆ ನೋಡಿ ಬಿಡುತ್ತೇನೆ. ಇದರಲ್ಲಿ ತರ್ಕ ಪೂರ್ತಿ ಸರಿಯಿಲ್ಲ ಅಂತ ನನ್ನ ಹೆಂಡತಿ ಹೇಳುತ್ತಾಳೆ. ಆ ಸರೋವರದ ಮಟ್ಟಿಗೆ ಎರಡೂ ಹೊರಗಿನವೇ ತಾನೆ ಅಂತ. ಅವಳದ್ದು ಸರಿ.

(ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ, ಮಗಳ ಮನೆಗೆ ಶಿವಮೊಗ್ಗದಿಂದ ಬಂದವರು, ಕೇಳಿದರು: ಅಲ್ಲಪ್ಪಾ, ಆ ಕಪ್ಪೆ ನೀನು ನೋಡಿದೀಯಾ?)

ನೋಡಿದ್ದೀನಮ್ಮ, ಒಂದೇ ಸಲ. ಮೀನು ತೆಗೆದ ಒಂದು ಸರೋವರ. ರಾಡು ಚೀಲದಲ್ಲೇ ಇತ್ತು. ಅಭ್ಯಾಸಬಲದಿಂದ ದಡದ ಹಿಂದೆ ಕೂತು, ಮೂರಡಿ ನೀರನ್ನೇ ನೋಡುತ್ತಿದ್ದೆ. ಕಲ್ಲುಗಳ ಮೇಲೆ ಕಪ್ಪಗೆ ಏನೋ ಅಂಟಿಕೊಂಡಿದೆ ಅನ್ನಿಸಿತು, ಆಮೇಲೆ ಅದು ಅಲ್ಲಾಡಿತು. ಹೆಬ್ಬೆರಳುದ್ದದ ಗೊದಮೊಟ್ಟೆಗಳು, ಬಿಸಿಲಿಗೆ ಮೈಯೊಡ್ಡಿ, ಒಂದರ ಪಕ್ಕ ಒಂದು. ಅವುಗಳ ಮೇಲಿನ ಚಪ್ಪಡಿಯ ಮೇಲೆ ದೊಡ್ಡ ಕಪ್ಪೆ ಎರಡು. ಹಿಡಿದರೆ ಮೈಯಿಂದ ಬೆಳ್ಳುಳ್ಳಿ ವಾಸನೆ ಬಿಡುತ್ತವಂತೆ. ಮುಟ್ಟುವ ಹಾಗಿಲ್ಲವಲ್ಲ, ಹಾಗಾಗಿ ನನಗೆ ಗೊತ್ತಿಲ್ಲ.